ದೊಡ್ಡಸ್ವಾಮಿಯವರು ಕಾಣದ ವರ

ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರ ಹೆಸರೆತ್ತಿದರೆ ನಮ್ಮ ವಿದ್ವಾಂಸರು ಎರಡೇ ಸಂಗತಿ ಹೇಳುತ್ತಾರೆ. 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿ, ಸಿಡುಬಿಗೆ ಲಸಿಕೆ ಹಾಕಿಸಿದ ‘ದೊಡ್ಡಸ್ವಾಮಿಯವರು’ ಎಂಬುದು ಒಂದು. ಹಿಂದೂಗಳ ಆಚಾರ ವಿಚಾರಗಳ ಮೇಲೆ ದೊಡ್ಡ ಪುಸ್ತಕ ಬರೆದವರು ಎಂಬುದು ಇನ್ನೊಂದು. ಆ ಪುಸ್ತಕ ಜೆಸ್ವಿಟ್ ಪಾದ್ರಿ ಕೇರ್ದೂ ಅವರ ಬರಹದಿಂದ ಎತ್ತಿದ್ದೆಂದು ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿದ ಮೇಲಂತೂ ಚರ್ಚೆಯೆಲ್ಲ ಕೃತಿಚೌರ್ಯಕ್ಕೇ ಮುಡಿಪು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ‘ಪತ್ರಗಳು’ ಬದಿಗೆ ಸರಿದವು. ದುಬುವಾರನ್ನು ತೂಗಬೇಕಾದದ್ದು ಅಲ್ಲಿ. ಅಲ್ಲಿರುವ ನಿರಾಶೆ ಅವರದೇ ಸ್ವಂತದ್ದು.

ಹಿಂದೂಗಳು ಕ್ರೈಸ್ತರಾಗುವುದು ಆಗದ ಮಾತು ಎನ್ನುತ್ತಾರೆ ಅವರು. ದೇಶಭಾಷೆಗಳಿಗೆ ಬೈಬಲ್ ತರುವುದಂತೂ ವ್ಯರ್ಥವಷ್ಟೇ ಅಲ್ಲ, ಹಾನಿಯೂ ಹೌದು. ತಪ್ಪಿಹೋದ ಮಗ ಮನೆಗೆ ಬಂದನೆಂದು ಕೊಬ್ಬಿದ ಕರುವನ್ನು ಕಡಿಯುವ ಕಥೆಯನ್ನು ಈ ನೆಲದಲ್ಲಿ ಯಾರು ಕೇಳಿಯಾರು ಎಂಬುದು ಅವರ ಪ್ರಶ್ನೆ. 1824ರಲ್ಲಿ ಪಾದ್ರಿಗಳಾದ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಪುಸ್ತಕ ಬರೆದೇ ಉತ್ತರ ಕೊಟ್ಟರು. ಒಬ್ಬರು ತಿರುನೆಲ್ವೇಲಿ ಕಂಡವರು, ಇನ್ನೊಬ್ಬರು ಬಂಗಾಳ. ಕಾವೇರಿ ದಡದ ಮಾತಿಗೆ ಆ ಉತ್ತರಗಳು ಸಾಲವು. ಕನ್ನಡದ ಪ್ರಶ್ನೆಗೆ ಕನ್ನಡದ ಪದಗಳನ್ನೇ ಹಿಡಿದು ಉತ್ತರಿಸಬೇಕು.

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೆರಡನೆಯ ಅಧ್ಯಾಯವನ್ನು ನೋಡಿ. ಪವಿತ್ರಾತ್ಮ ಕೊಡುವುದನ್ನು ಅವನು ‘ಖಾರಿಸ್ಮ’ ಎನ್ನುತ್ತಾನೆ. ಪದದ ಬೇರು ‘ಖಾರಿಸ್’, ಅಂದರೆ ಕೃಪೆ. ಕನ್ನಡ ಬೈಬಲ್ ಅದನ್ನು ‘ವರ’ ಎಂದಿತು. ಇಲ್ಲಿ ದುಬುವಾರ ಅನುಮಾನಕ್ಕೆ ಆಧಾರವಿದೆ ಎಂದು ಒಪ್ಪುತ್ತೇನೆ. ನಮ್ಮ ಕಿವಿಯಲ್ಲಿ ವರ ಎಂದರೆ ಗಳಿಸಿಕೊಂಡದ್ದು. ರಾವಣ ತಪಸ್ಸು ಮಾಡಿ ಪಡೆದ, ಭಸ್ಮಾಸುರ ಬೇಡಿ ಪಡೆದ. ಕೊಟ್ಟ ದೇವರೇ ಆಮೇಲೆ ಓಡಬೇಕಾಯಿತು. ಪೌಲನದು ಇದರ ತಿರುವುಮುರುವು: ಗಳಿಸದವನಿಗೆ ಸಿಕ್ಕಿದ್ದು, ಅದೂ ತನಗಲ್ಲ, ಸಭೆಗೆ. ಕ್ರೈಸ್ತ ಕನ್ನಡದಲ್ಲಿ ‘ಕೃಪಾವರ’ ಎಂಬ ಜೋಡಿಪದ ಹುಟ್ಟಿದ್ದು ಈ ಕೊರತೆ ತುಂಬಲೆಂದೇ ಇರಬೇಕು. ನೋವೆಂದರೆ, ಗಳಿಸದ ಕೃಪೆಯ ಮಾತು ಪಾಂಡವಪುರ ತಾಲ್ಲೂಕಿನಲ್ಲೇ ಇತ್ತು. ಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ದೇವರು ಒಯ್ಯುತ್ತಾನೋ, ಕೋತಿಮರಿಯಂತೆ ನಾವೇ ತಬ್ಬಿಕೊಳ್ಳಬೇಕೋ ಎಂದು ಶ್ರೀವೈಷ್ಣವರು ಶತಮಾನಗಳ ಕಾಲ ವಾದಿಸಿದ್ದಾರೆ, ಮೇಲುಕೋಟೆ ಆ ಪರಂಪರೆಯ ದೊಡ್ಡ ಮನೆ. 1831ರಲ್ಲಿ ಪೂರ್ತಿಯಾದ ಮೊದಲ ಕನ್ನಡ ಬೈಬಲಿಗೆ ದುಡಿದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಕೂತಿದ್ದು ದೂರದ ಬಳ್ಳಾರಿಯಲ್ಲಿ. ಮೇಲುಕೋಟೆಯ ಹತ್ತಿರವೇ ಇದ್ದವರು ದುಬುವಾ.

ಆದರೆ ಅದೇ ಪತ್ರದ ಹದಿನೈದನೆಯ ಅಧ್ಯಾಯಕ್ಕೆ ಬಂದರೆ ಅವರ ವಾದ ನಿಲ್ಲುವುದಿಲ್ಲ. ಪುನರುತ್ಥಾನದ ಅಧ್ಯಾಯ ಅದು. ‘ಪುನರುತ್ಥಾನ’ ಎಂಬ ಪದ ನನಗೆ ಹಿಡಿಸದು. ‘ಪುನರ್’ ಕೇಳಿದೊಡನೆ ಮನಸ್ಸು ಪುನರ್ಜನ್ಮದ ಕಡೆ ವಾಲುತ್ತದೆ. ಪೌಲ ಹೇಳುವುದು ಇನ್ನೊಂದು ಹುಟ್ಟನ್ನಲ್ಲ, ಇದೇ ಮನುಷ್ಯ ಬೇರೊಂದು ದೇಹದಲ್ಲಿ ಏಳುವುದನ್ನು. ಆ ಭಾರವನ್ನು ಹೊತ್ತದ್ದು ‘ಎಬ್ಬಿಸು’ ಎಂಬ ಕ್ರಿಯಾಪದ. ಗ್ರೀಕಿನ ‘ಎಗೈರೊ’ ಕೂಡ ಮಲಗಿದವರನ್ನು ಎಬ್ಬಿಸುವ ಮಾತೇ. ಸತ್ತವರನ್ನು ಪೌಲ ನಿದ್ರೆಹೋದವರು ಎಂದಾಗ, ಮಲಗಿರುವ ರಂಗನಾಥನ ಊರಿನಲ್ಲಿ ಆ ಮಾತು ಹೊರಗಿನದೆನಿಸುವುದಿಲ್ಲ. ‘ಏಳು’ ಎಂದರೆ ತಾನಾಗಿ ಏಳಬಹುದು. ‘ಎಬ್ಬಿಸು’ ಎಂದರೆ ಎಬ್ಬಿಸುವವನೊಬ್ಬ ಬೇಕು. ಸತ್ತವನಿಗೆ ತನ್ನದೇ ಶಕ್ತಿಯಿಲ್ಲ, ದೇವರ ಕೈ ಬರಬೇಕು ಎಂಬ ಇಡೀ ಸಿದ್ಧಾಂತ ಆ ಒಂದು ‘ಇಸು’ ಪ್ರತ್ಯಯದಲ್ಲಿದೆ. ಉಪದೇಶಿಗಳು ‘ಯೇಸು ಎದ್ದುಬಂದ’ ಎಂದಷ್ಟೇ ಹೇಳಿದಾಗ ಅದು ಕಳೆದುಹೋಗುತ್ತದೆ. ಇದು ಸಣ್ಣ ವಿಷಯವಲ್ಲ.

ಇನ್ನು ಬೀಜ. ಬಿತ್ತುವುದು ಬರಿಯ ಕಾಳು, ಬರುವುದು ಬೇರೆಯೇ ಮೈ ಎನ್ನುತ್ತಾನೆ ಪೌಲ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ರಾಗಿ ಬಿತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಬೀಜ ಸಾಯದೆ ಬದುಕದು ಎಂಬಲ್ಲಿ ಮಾತ್ರ ರೈತ ತಡೆಯುತ್ತಾನೆ: ಸತ್ತ ಬೀಜ ಮೊಳೆಯುವುದಿಲ್ಲ, ಕೊಳೆಯುತ್ತದೆ. ತಕರಾರು ನ್ಯಾಯವಾದದ್ದೇ. ಆದರೂ ನಮ್ಮ ಕಡೆ ಹೆಣ ಹೂಳುವುದಕ್ಕೆ ‘ಮಣ್ಣು ಮಾಡುವುದು’ ಎನ್ನುತ್ತಾರೆ. ಸಾವಿನ ಮನೆಯಿಂದ ಬಂದವರು ‘ಮಣ್ಣಿಗೆ ಹೋಗಿದ್ವಿ’ ಎನ್ನುತ್ತಾರೆ. ಹೊಲಕ್ಕೂ ಗೋರಿಗೂ ಒಂದೇ ಪದವಿಟ್ಟುಕೊಂಡ ಜನರಿಗೆ ಪೌಲನ ಉಪಮೆ ಮುಟ್ಟದು ಎನ್ನುವುದು ಹೇಗೆ?

ದುಬುವಾರ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ. ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ಮೇಲೆಂದು ಪೌಲ ಹೇಳುವುದು ಇದೇ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಹನ್ನೆರಡರಲ್ಲಿ ಬರುವ ಒಂಬತ್ತು ವರಗಳ ಪಟ್ಟಿ. ಗುಣಪಡಿಸುವುದು ಅಲ್ಲಿದೆ. ಲಸಿಕೆಯ ಸೂಜಿ ಹಿಡಿದ ದುಬುವಾರಲ್ಲಿ ಅದು ಧಾರಾಳವಾಗಿತ್ತು, ನಾನು ಕೈಮುಗಿಯುತ್ತೇನೆ. ಪಟ್ಟಿಯ ಕೊನೆಯದು ಪರಭಾಷೆಯ ಅರ್ಥ ಹೇಳುವುದು. ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದವರಿಗೆ ಆ ಶಕ್ತಿ ಇರಲಿಲ್ಲವೆನ್ನಲಾಗದು. ನಮ್ಮ ಕಥೆ ಅವರ ಭಾಷೆಗೆ ಹೋಯಿತು. ಮೂವತ್ತು ವರ್ಷ ಈ ದೇಶದಲ್ಲಿ ಬದುಕಿ, ‘ಎಬ್ಬಿಸು’ ಎಂಬ ಮಾತನ್ನು ದಿನಾ ಬೆಳಗ್ಗೆ ಮನೆಮನೆಯಲ್ಲಿ ಕೇಳಿಯೂ, ತಮ್ಮ ಸುವಾರ್ತೆಗೆ ಅದನ್ನು ಅವರು ಕೇಳಲಿಲ್ಲ.