ಹಾರ್ಡಿನ್‌ನನ್ನು ಕಿವಿಯಿಂದ ಓದಿ

‘ಹಿಂಸೆ ಅಸಮರ್ಥರ ಕೊನೆಯ ಆಸರೆ’ ಎಂದು ಸಾಲ್ವರ್ ಹಾರ್ಡಿನ್ ಆಡಿದ ಮಾತು ವಾಟ್ಸಾಪ್ ಸ್ಟೇಟಸ್ಸುಗಳಲ್ಲಿ ಸುತ್ತುತ್ತಿರುತ್ತದೆ. ಹಾಕಿಕೊಂಡವರನ್ನು ‘ಯಾರಪ್ಪ ಈತ?’ ಎಂದು ಕೇಳಿದರೆ ಯಾವುದೋ ಸಂತನಿರಬೇಕು ಎನ್ನುತ್ತಾರೆ. ಸಂತನಲ್ಲ ಮಾರಾಯ್ರೇ, ಅಸಿಮೋವನ ‘ಫೌಂಡೇಶನ್’ ಕಥೆಗಳಲ್ಲಿ ಬರುವ ಟರ್ಮಿನಸ್ ಗ್ರಹದ ಮೇಯರ್. ಚುಟ್ಟಾ ಸೇದುವ ಪಕ್ಕಾ ರಾಜಕಾರಣಿ.

ಕಾಲೇಜಿನಲ್ಲಿ ನಾನೂ ದಡ್ಡತನವನ್ನೇ ಮಾಡಿದ್ದೆ. ನೌಕೆ, ಕಾಳಗ ಹುಡುಕುತ್ತ ಸಂಭಾಷಣೆಗಳನ್ನೆಲ್ಲ ಹಾರಿಸಿ, ಬೇಸರಪಟ್ಟು ಪುಸ್ತಕ ಮುಚ್ಚಿಟ್ಟೆ. ಕಣ್ಣು ತೆರೆದದ್ದು ಎಷ್ಟೋ ವರ್ಷದ ಮೇಲೆ, ಊರಿನ ತಾಳಮದ್ದಳೆಯಲ್ಲಿ. ಕೃಷ್ಣ ಸಂಧಾನದ ರಾತ್ರಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥಧಾರಿಗಳಿಬ್ಬರು ಮಾತಿನಲ್ಲೇ ಕುರುಕ್ಷೇತ್ರವನ್ನು ಎಳೆದು ತಂದರು. ಮನೆಗೆ ಬಂದು ಮತ್ತೆ ಪುಸ್ತಕ ತೆಗೆದೆ. ಆಮೇಲೆ ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ.

ಹಾರ್ಡಿನ್‌ನ ಆಯುಧ ಬಾಯಿಯಲ್ಲ, ಕಿವಿ. ಮೊದಲ ಕಥೆ ಬಂದದ್ದು 1942ರ ಮೇ ತಿಂಗಳಲ್ಲಿ. ನೆರೆಯ ಅನಾಕ್ರಿಯಾನ್‌ನ ದೂತ ದರ್ಪದಿಂದ ಬಂದು ಕೂತಿದ್ದಾನೆ. ನಮ್ಮ ಅಣುಸ್ಥಾವರಕ್ಕೆ ಪ್ಲುಟೋನಿಯಂ ಕೊಡುತ್ತೀರಾ ಎಂದು ಹಾರ್ಡಿನ್ ಸಲೀಸಾಗಿ ಕೇಳುತ್ತಾನೆ. ದೂತನ ದನಿಯೇ ಬದಲಾಗುತ್ತದೆ. ಅಷ್ಟು ಸಾಕು: ಅವರ ಬಳಿ ಅಣುಶಕ್ತಿ ಉಳಿದಿಲ್ಲವೆಂದು ಗೊತ್ತಾಯಿತು. ಆ ದನಿ ನಿಮಗೆ ಕೇಳಿಸದಿದ್ದರೆ ಹಿಂದಿನ ಪುಟಕ್ಕೆ ಹೋಗಿ.

ಇನ್ನು ಲಾರ್ಡ್ ಡೋರ್ವಿನ್. ಸಾಮ್ರಾಜ್ಯದ ಮಂತ್ರಿ, ನಶ್ಯ ಏರಿಸುವ ಷೋಕಿಗಾರ, ನಾಲಗೆಗೆ ರಕಾರ ಹೊರಳದು. ಚಕ್ರವರ್ತಿ ಕೈಬಿಡುವುದಿಲ್ಲ ಎಂಬ ಭರವಸೆಯನ್ನು ಐದು ದಿನ ಧಾರಾಳವಾಗಿ ಸುರಿಯುತ್ತಾನೆ. ಟರ್ಮಿನಸ್‌ನಲ್ಲಿ ವಿಶ್ವಕೋಶ ಬರೆಯುತ್ತ ಕೂತ ಪಂಡಿತರಿಗೆ ಪರಮಾನಂದ. ಹಾರ್ಡಿನ್ ಅಷ್ಟನ್ನೂ ಗುಟ್ಟಾಗಿ ಧ್ವನಿಮುದ್ರಿಸಿ, ತರ್ಕದ ಲೆಕ್ಕಕ್ಕೆ ಹಾಕಿಸುತ್ತಾನೆ. ಒಂದನ್ನೊಂದು ಹೊಡೆದುಹಾಕುವ ಮಾತುಗಳನ್ನೆಲ್ಲ ಕಳೆದರೆ ಉಳಿದದ್ದು ಸೊನ್ನೆ! ಐದು ದಿನ ಕಡೆದದ್ದು ಬರೀ ನೀರು. ನಮ್ಮ ಚುನಾವಣಾ ಭಾಷಣ ಕೇಳಿದಾಗಲೆಲ್ಲ ಆ ಲೆಕ್ಕ ನನಗೂ ಬಂದಿದ್ದರೆ ಅನ್ನಿಸುತ್ತದೆ.

ಎರಡನೆಯ ಕಥೆ ಮೂವತ್ತು ವರ್ಷ ಮುಂದಿನದು. ವಿಜ್ಞಾನಕ್ಕೆ ಧರ್ಮದ ಮಡಿ ಉಡಿಸಿದ್ದಾನೆ ಹಾರ್ಡಿನ್; ಪೂಜಾರಿಗಳು ಮುನಿದರೆ ಅನಾಕ್ರಿಯಾನ್‌ನ ದೀಪಗಳೇ ಆರುತ್ತವೆ. ಅರಸನ ಹೆಸರಿನಲ್ಲಿ ಆಳುವ ವೀನಿಸ್ ಹಾರ್ಡಿನ್ ಮೇಲೆ ಗುಂಡು ಹಾರಿಸಿ, ಅದು ತಾಗದೆ ಹೋದಾಗ ತನಗೇ ಹೊಡೆದುಕೊಳ್ಳುತ್ತಾನೆ. ಇದು ಅಹಿಂಸೆಯೇ? ಸ್ಟೇಟಸ್ ಹಾಕುವವರು ಇಲ್ಲೊಂದಿಷ್ಟು ತಡವರಿಸಲಿ.

2021ರ ಟಿವಿ ಸರಣಿಯ ಬಗ್ಗೆ ಹೇಳುವುದೇನೂ ಇಲ್ಲ. ಹಾರ್ಡಿನ್‌ನನ್ನು ಹೆಣ್ಣು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಕೈಗೆ ಬಂದೂಕು ಕೊಟ್ಟರಲ್ಲ, ಅಲ್ಲಿಗೆ ಮುಗಿಯಿತು.

‘ಹತ್ತು ನಿಮಿಷದ ಸಾರಾಂಶದ ವೀಡಿಯೊ ಸಾಲದೇ?’ ಎಂದು ಮೊನ್ನೆ ಒಬ್ಬ ಹುಡುಗ ಕೇಳಿದ. ನನಗೆ ಡೋರ್ವಿನ್ ನೆನಪಾದ. ಅವನಿಗೆ ಪುರಾತತ್ತ್ವದ ಹುಚ್ಚು. ಮನುಷ್ಯನ ಮೂಲ ಯಾವ ಗ್ರಹವೆಂದು ಹಳೆಯ ಪಂಡಿತರ ಪುಸ್ತಕಗಳನ್ನು ತೂಗಿ ನೋಡುವುದೇ ಅವನ ಸಂಶೋಧನೆ. ನೀವೇ ಹೋಗಿ ಅಗೆದು ನೋಡಬಾರದೇ ಎಂದು ಹಾರ್ಡಿನ್ ಕೇಳಿದರೆ, ಅದೇಕೆ ಎಂದು ಆತ ನಿಜವಾಗಿಯೂ ಬೆರಗಾಗುತ್ತಾನೆ.

ಹುಡುಗನಿಗೆ ಆ ಪುಟ ತೆಗೆದುಕೊಟ್ಟು ಸುಮ್ಮನೆ ಕೂತೆ.