ಫಲಾಗಮವಿಲ್ಲದ ನಾಟಕ

ಯಂತ್ರವೇ ವಸ್ತುವಾಗಿರುವ ಕೃತಿಯಲ್ಲಿ ರಸಕ್ಕೆ ಎಡೆಯುಂಟೇ ಎಂಬ ಶಂಕೆಯು ಸಹಜವಾದುದು. ಯಂತ್ರಕ್ಕೆ ಹರ್ಷವಿಲ್ಲ, ಶೋಕವಿಲ್ಲ, ಭಾವವಿಲ್ಲದೆಡೆಯಲ್ಲಿ ರಸವೆಲ್ಲಿಯದು? ಅಮೆರಿಕದ ಎ.ಎಂ.ಸಿ. ವಾಹಿನಿಯಲ್ಲಿ 2014ರಿಂದ 2017ರವರೆಗೆ ನಾಲ್ಕು ಭಾಗಗಳಾಗಿ, ಒಟ್ಟು 40 ಸಂಚಿಕೆಗಳಲ್ಲಿ ಪ್ರಸಾರವಾದ ‘ಹಾಲ್ಟ್ ಅಂಡ್ ಕ್ಯಾಚ್ ಫೈರ್’ ಎಂಬ ದೂರದರ್ಶನ ಧಾರಾವಾಹಿಯು ಈ ಶಂಕೆಗೆ ತಕ್ಕ ಸಮಾಧಾನವನ್ನು ಹೇಳುತ್ತದೆ. ಕ್ರಿಸ್ಟೋಫರ್ ಕ್ಯಾಂಟ್‌ವೆಲ್, ಕ್ರಿಸ್ಟೋಫರ್ ಸಿ. ರೋಜರ್ಸ್ ಎಂಬಿಬ್ಬರು ಇದರ ಕರ್ತೃಗಳು. ಗಣಕಯಂತ್ರವು ತನ್ನ ಕಾರ್ಯವನ್ನೇ ಮರೆತು ಸ್ತಬ್ಧವಾಗುವಂತೆ ಮಾಡುವ ಆಜ್ಞೆಗೆ ಆ ವಿದ್ಯೆಯವರು ಪರಿಹಾಸವಾಗಿ ಇಟ್ಟ ಹೆಸರೇ ಈ ಕೃತಿಯ ಹೆಸರು. ‘ನಿಲ್ಲು, ಬೆಂಕಿ ಹೊತ್ತಿಕೊ’ ಎಂದು ಅದರ ಅರ್ಥ.

ಕಥೆಯು 1983ರಲ್ಲಿ ಟೆಕ್ಸಸ್ ಸಂಸ್ಥಾನದ ಡಲ್ಲಾಸಿನಲ್ಲಿ ಮೊದಲಾಗುತ್ತದೆ. ಐ.ಬಿ.ಎಂ. ಸಂಸ್ಥೆಯನ್ನು ತೊರೆದು ಬಂದ ವಾಕ್ಚತುರನಾದ ಜೋ ಮ್ಯಾಕ್‌ಮಿಲನ್, ಒಮ್ಮೆ ಸೋತು ಕುಗ್ಗಿದ ಯಂತ್ರಶಿಲ್ಪಿ ಗೋರ್ಡನ್ ಕ್ಲಾರ್ಕ್, ಅವನಿಗೆ ವಿದ್ಯೆಯಲ್ಲಿ ಕಡಿಮೆಯಲ್ಲದ ಪತ್ನಿ ಡಾನಾ, ಯಾರ ಅಂಕೆಗೂ ಒಳಗಾಗದ ಪ್ರತಿಭಾವಂತ ಯುವತಿ ಕ್ಯಾಮೆರಾನ್ ಹೋವ್ ಎಂಬೀ ನಾಲ್ವರು ಮುಖ್ಯ ಪಾತ್ರಗಳು. ಐ.ಬಿ.ಎಂ. ಯಂತ್ರದ ಒಡಲಲ್ಲಿ ಅಡಗಿದ್ದ ಮೂಲಸಂಕೇತಗಳನ್ನು ಜೋ ಮತ್ತು ಗೋರ್ಡನ್ ಹೊರತೆಗೆದು ಬರೆದುಕೊಳ್ಳುತ್ತಾರೆ. ಅದನ್ನು ಕಂಡವನೇ ಹೊಸದನ್ನು ರಚಿಸಿದರೆ ಚೌರ್ಯವಾಗುತ್ತದೆ. ಆದಕಾರಣ ಅದನ್ನು ಕಾಣದ ಕ್ಯಾಮೆರಾನಳಿಂದ ಅದೇ ಕಾರ್ಯವನ್ನು ಮಾಡುವ ಹೊಸ ಸಂಕೇತಗಳನ್ನು ಬರೆಯಿಸಬೇಕಾಗುತ್ತದೆ. ಇದು ಕೇವಲ ಕಲ್ಪನೆಯಲ್ಲ. 1982ರಲ್ಲಿ ಸ್ಥಾಪಿತವಾದ ಹೂಸ್ಟನ್ ನಗರದ ಕಾಂಪ್ಯಾಕ್ ಸಂಸ್ಥೆಯು ಇದೇ ಮಾರ್ಗದಿಂದ ಯಂತ್ರವನ್ನು ನಿರ್ಮಿಸಿ ಸಂಪತ್ತನ್ನು ಗಳಿಸಿತು.

ಕೃತಿಯ ವೈಶಿಷ್ಟ್ಯವು ಇಲ್ಲಿಯೇ ಇದೆ. ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ನಾಟ್ಯಶಾಸ್ತ್ರವು ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳಿದೆ. ಇತಿಹಾಸವು ಫಲಾಗಮವನ್ನು ಕೈಯಲ್ಲಿಟ್ಟರೂ ಈ ಕರ್ತೃಗಳು ಅದನ್ನು ಸ್ವೀಕರಿಸಲಿಲ್ಲ. ಇವರ ಪಾತ್ರಗಳು ಪ್ರತಿ ಭಾಗದಲ್ಲಿಯೂ ಪ್ರಾಪ್ತ್ಯಾಶೆಯವರೆಗೆ ಬಂದು ಮುಗ್ಗರಿಸುತ್ತವೆ. ಮೊದಲನೆಯ ಭಾಗದಲ್ಲಿ, ಬಳಸುವವನೊಡನೆ ಸಂಭಾಷಿಸುವಂತೆ ಕ್ಯಾಮೆರಾನ್ ರಚಿಸಿದ್ದ ವ್ಯವಸ್ಥೆಯನ್ನು ಗೋರ್ಡನ್ನನು ಬೆಲೆ ತಗ್ಗಿಸುವುದಕ್ಕಾಗಿ ಕಿತ್ತುಹಾಕುತ್ತಾನೆ. ಯಂತ್ರವು ಮಾರಾಟವಾಗುತ್ತದೆ. ಬಳಿಕ ಜೋ ಒಂದು ಕೋಣೆಯಲ್ಲಿ ಮಾತನಾಡುವ ಮ್ಯಾಕಿಂಟಾಷ್ ಯಂತ್ರವನ್ನು ಕಾಣುತ್ತಾನೆ. ತಾವು ಕಿತ್ತೆಸೆದ ಮಾತೇ ಇನ್ನೊಬ್ಬರ ಮನೆಯಲ್ಲಿ ಬೆಳಗುತ್ತಿರುವುದನ್ನು ಕಂಡವನ ಮುಖದಲ್ಲಿ, ಗೆದ್ದೂ ಸೋತವನ ದೈನ್ಯವು ಸ್ಫುಟವಾಗಿದೆ. ಕೊನೆಯ ಭಾಗದಲ್ಲಿ ಅಂತರಜಾಲದ ಪುಟಗಳಿಗೆ ಸೂಚಿಯನ್ನು ರಚಿಸುವ ಅವರ ಶ್ರಮವನ್ನು ಯಾಹೂ ಹಿಂದಿಕ್ಕುತ್ತದೆ.

ಹಾಗಾದರೆ ಇಷ್ಟು ಸೋಲುಗಳಲ್ಲಿ ಸಹೃದಯನಿಗೆ ಲಭಿಸುವುದೇನು? ಉತ್ಸಾಹವೇ ಇಲ್ಲಿಯ ಸ್ಥಾಯಿಭಾವ. ಯಂತ್ರವು ಉದ್ದೀಪನ ಮಾತ್ರ; ಸೋತು ಮರಳಿ ಏಳುವ ಮನುಷ್ಯರು ಒಬ್ಬರಿಗೊಬ್ಬರು ಆಲಂಬನರು. ಗೆದ್ದ ಕಾಂಪ್ಯಾಕ್ ಸಂಸ್ಥೆಯೂ 2002ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ ಲೀನವಾಯಿತಷ್ಟೆ. ಫಲವು ಅನಿತ್ಯವಾದೆಡೆಯಲ್ಲಿ, ಕೂಡಿ ದುಡಿದ ಸ್ನೇಹವೇ ಉಳಿಯುವ ಧನವೆಂಬುದು ಈ ಕೃತಿಯ ಧ್ವನಿ.

ಗೋರ್ಡನ್ನನ ಮರಣದ ಸನ್ನಿವೇಶವು ಇದಕ್ಕೆ ನಿದರ್ಶನ. ಮಿದುಳಿನ ವ್ಯಾಧಿಯನ್ನು ಬಹುಕಾಲ ಸಹಿಸಿದ ಆತನು ಅಂತ್ಯಕಾಲದಲ್ಲಿ ತನ್ನ ಮನೆಯೊಳಗೆ ನಡೆಯುತ್ತ, ಕಳೆದುಹೋದ ದಿನಗಳ ಮಡದಿಮಕ್ಕಳನ್ನು ಕಾಣುತ್ತಾನೆ. ಮುಂದಿನ ಸಂಚಿಕೆಯಲ್ಲಿ ಬಂಧುಮಿತ್ರರು ಅವನ ವಸ್ತುಗಳನ್ನು ವಿಂಗಡಿಸುತ್ತಾರೆ, ಅಷ್ಟೇ ಕಥೆ. ಆಕ್ರಂದನವಿಲ್ಲದೆ, ಹಳೆಯ ಬಟ್ಟೆಬರೆಗಳ ಮೂಲಕವೇ ಕರುಣವು ಪರಿಪೋಷಗೊಂಡಿದೆ.

ಅದಕ್ಕಿಂತಲೂ ಮನೋಹರವಾದುದು ಕಡೆಯ ಸಂಚಿಕೆಯಲ್ಲಿ ಬರುವ ಡಾನಾ ಮತ್ತು ಕ್ಯಾಮೆರಾನರ ಸಂವಾದ. ಹಿಂದೆ ಕೂಡಿ ಕಟ್ಟಿದ ವ್ಯಾಪಾರದಲ್ಲಿ ವಿರಸವುಂಟಾಗಿ ಅಗಲಿದ್ದ ಇವರು ಬರಿದಾದ ಕಾರ್ಯಾಲಯದಲ್ಲಿ ನಿಂತು, ‘ಫೀನಿಕ್ಸ್’ ಎಂಬ ಇಲ್ಲದ ಸಂಸ್ಥೆಯೊಂದರ ಹುಟ್ಟು, ಏಳಿಗೆ, ಅವಸಾನಗಳನ್ನು ಮಾತಿನಲ್ಲಿಯೇ ಕಲ್ಪಿಸಿ ಮುಗಿಸುತ್ತಾರೆ. ಬರಲಿರುವ ಸೋಲನ್ನು ಮುಂದಾಗಿಯೇ ಅನುಭವಿಸಿದವರಿಗೆ ಮತ್ತೆ ಆರಂಭಿಸಲು ಭಯವೆಲ್ಲಿ?

ದೋಷಗಳಿಲ್ಲವೆಂದಲ್ಲ. ಮೊದಲನೆಯ ಭಾಗದಲ್ಲಿ ಜೋ ಎಂಬವನ ರಹಸ್ಯಮಯತೆಗೆ ಮಿತಿಮೀರಿದ ಒತ್ತುಂಟು. ಸಿದ್ಧವಾದ ಯಂತ್ರಗಳನ್ನು ತುಂಬಿದ್ದ ವಾಹನಕ್ಕೆ ಅವನು ಬೆಂಕಿಯಿಡುವುದು, ಕೃತಿಯ ಹೆಸರಿಗೆ ಒಪ್ಪಿದರೂ ಔಚಿತ್ಯಕ್ಕೆ ಒಪ್ಪದು. ಎರಡನೆಯ ಭಾಗದಿಂದ ಸ್ತ್ರೀಪಾತ್ರಗಳಿಗೆ ಪ್ರಾಧಾನ್ಯವು ದೊರೆತ ಮೇಲೆಯೇ ಕೃತಿಯು ಪಕ್ವವಾಯಿತು.

ಅದೇ ಜೋ ಕೊನೆಯಲ್ಲಿ ವ್ಯಾಪಾರವನ್ನು ತ್ಯಜಿಸಿ ಉಪಾಧ್ಯಾಯನಾಗುತ್ತಾನೆ. ಮೊದಲ ಸಂಚಿಕೆಯಲ್ಲಿ ಪ್ರತಿಭೆಯನ್ನು ಬೇಟೆಯಾಡಲು ತರಗತಿಯನ್ನು ಹೊಕ್ಕವನು, ಈಗ ಕೊಡುವುದಕ್ಕಾಗಿ ಹೊಗುತ್ತಾನೆ. ಯಂತ್ರವಿದ್ಯೆಯನ್ನು ಅರಿಯದವರೂ ಈ ಪರಿಣಾಮವನ್ನು ಮೆಚ್ಚದಿರಲಾರರು. ರಸಿಕರು ಮೊದಲನೆಯ ಭಾಗದಲ್ಲಿ ಬೇಸರಗೊಳ್ಳದೆ ಮುಂದುವರಿದರೆ ಅವರ ಶ್ರಮವು ವ್ಯರ್ಥವಾಗದು.