ಕಲ್ಲುಮನೆಯ ಉತ್ತರದ ಗೋಡೆ

ಶಿಕಾಗೋಗೆ ಆನ್‌ಸೈಟ್ ಹೋದವರು ಬೀನ್ ಮುಂದೆ ಸೆಲ್ಫಿ ತೆಗೆದು, ವಿಲ್ಲಿಸ್ ಟವರ್ ಹತ್ತಿ ಇಳಿದು, ಔಟ್‌ಲೆಟ್ ಮಾಲಿಗೆ ಹೋಗಿ ಸೂಟ್‌ಕೇಸ್ ತುಂಬಿಸ್ಕೊಂಡು ಬರ್ತಾರೆ. ನಾನೂ ಅದನ್ನೆಲ್ಲ ಮಾಡಿದೆ. ಆಮೇಲೆ ಒಂದು ಫೆಬ್ರವರಿ ಶನಿವಾರ, ಕಲ್ಲಿನ ಮನೆ ಅನ್ನೋ ಒಂದೇ ಕಾರಣಕ್ಕೆ ಪ್ರೇರಿ ಅವೆನ್ಯೂದ ಗ್ಲೆಸ್ನರ್ ಮನೆ ನೋಡೋಕೆ ಹೋದೆ. ನಮ್ಮೂರಲ್ಲೂ ಒಂದು ಕಲ್ಲುಮನೆ ಇತ್ತು. ಅದರ ಮಾತು ಆಮೇಲೆ.

ಹೊರಗಿಂದ ನೋಡಿದ್ರೆ ಇದು ಮನೆ ಅನ್ನಿಸೋದೇ ಇಲ್ಲ. ಕೋಟೆ ಇರಬೇಕು, ಇಲ್ಲ ಜೈಲು. ನಮ್ಮ ಫ್ಲ್ಯಾಟುಗಳಲ್ಲಿ ಗ್ರಾನೈಟ್ ಅಂದರೆ ಅಡುಗೆ ಕಟ್ಟೆ ಮೇಲಿನ ಹೊಳಪು ಹಲಗೆ. ಇಲ್ಲಿ ಅದೇ ಕಲ್ಲನ್ನು ಪಾಲಿಶ್ ಮಾಡದೆ, ಒರಟು ಮುಖ ಹಾಗೇ ಬಿಟ್ಟು ಜೋಡಿಸಿದ್ದಾರೆ. ಉತ್ತರದ ರಸ್ತೆ ಕಡೆ ಕಿಟಕಿಗಳು ಕಿಂಡಿಗಳಷ್ಟೇ. ಎದುರುಮನೆಯಲ್ಲಿದ್ದ ರೈಲ್ವೆ ಬೋಗಿ ತಯಾರಕ ಜಾರ್ಜ್ ಪುಲ್‌ಮನ್‌ಗೆ, ದಿನಾ ಬಾಗಿಲು ತೆಗೆದರೆ ಇದರ ಮುಖ ನೋಡಬೇಕಲ್ಲ ಅಂತ ಬೇಜಾರಿತ್ತಂತೆ. ಪುಲ್‌ಮನ್ ಬಂಗಲೆ ಈಗ ಇಲ್ಲ. ಇದು ಇದೆ. 1966ರಲ್ಲಿ ಒಡೆದುಹಾಕುವ ಹಂತಕ್ಕೆ ಬಂದಿದ್ದಾಗ ವಾಸ್ತುಶಿಲ್ಪಿಗಳೂ ಮನೆ ಮೇಲೆ ಪ್ರೀತಿ ಇದ್ದವರೂ ಸೇರಿ ಕೊಂಡು ಉಳಿಸಿಕೊಂಡರು.

ಇದನ್ನು ವಿನ್ಯಾಸ ಮಾಡಿದವರು ಹೆನ್ರಿ ಹಾಬ್ಸನ್ ರಿಚರ್ಡ್ಸನ್. 1886ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಮುಗಿದ ಮನೆ ನೋಡಲೇ ಇಲ್ಲ. ಗ್ಲೆಸ್ನರ್ ದಂಪತಿ ಒಕ್ಕಲು ಬಂದದ್ದು 1887ರ ಡಿಸೆಂಬರ್‌ನಲ್ಲಿ.

ಒಳಗೆ ಹೋದ ಮೇಲೆ ನಾನು ಪೂರ್ತಿ ಸೋತೆ. ಈ ಮನೆ ಬೀದಿಗೆ ಬೆನ್ನು ಹಾಕಿ, ದಕ್ಷಿಣದ ಬಿಸಿಲಿಗೆ ತೆರೆದ ಅಂಗಳದ ಸುತ್ತ ಕೂತಿದೆ. ಬೀದಿಗೆ ಕಾಣೋ ಗೋಡೆ ಕಲ್ಲು, ಅಂಗಳದ ಕಡೆ ಇಟ್ಟಿಗೆ, ಅಲ್ಲಿ ದೊಡ್ಡ ದೊಡ್ಡ ಕಿಟಕಿ. ಪಾರ್ಲರ್, ಊಟದ ಕೋಣೆ ಎಲ್ಲ ಆ ಬೆಳಕಿಗೆ ಮುಖ ಮಾಡಿವೆ. ತೊಟ್ಟಿಮನೆ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ, ಆದ್ರೂ ಮೈನಸ್ ಡಿಗ್ರಿ ಚಳಿಯಲ್ಲಿ ಆ ಬಿಸಿಲು ಸಿಕ್ಕಾಗ ಮೈ ಮೊದಲು ಒಪ್ಪಿಕೊಳ್ಳುತ್ತೆ.

ಸಾಮಾನುಗಳೂ ಹಾಗೇ. ದುಡ್ಡಿದೆ ಅಂತ ತುಂಬಿಸಿದ್ದಲ್ಲ, ಆರಿಸಿ ತಂದದ್ದು. ಗೋಡೆಗೆ ವಿಲಿಯಂ ಮೋರಿಸ್ ಕಂಪನಿಯ ಎಲೆ, ಹೂ, ಬಳ್ಳಿಗಳ ಕಾಗದ. ಬೆಂಕಿಗೂಡಿಗೆ ವಿಲಿಯಂ ಡಿ ಮೋರ್ಗನ್ ಮಾಡಿದ ಟೈಲ್ಸ್. ಐಸಾಕ್ ಸ್ಕಾಟ್ ಕೆತ್ತಿದ ಪುಸ್ತಕದ ಕಪಾಟು ಹಳೇ ಮನೆಯಿಂದ ಜೊತೆಗೇ ಬಂದದ್ದು. ಮನೆಯೊಡತಿ ಫ್ರಾನ್ಸಿಸ್ ಬೆಳ್ಳಿ ಕೆಲಸ ಕಲಿತಿದ್ದರು, ಜೇನು ಸಾಕುತ್ತಿದ್ದರು. ಸೋಫಾ, ಪರದೆ, ದೀಪ ಎಲ್ಲವೂ ಇಂಟೀರಿಯರ್ ಡಿಸೈನರ್ ಕಳಿಸಿದ ಒಂದೇ ಪಿಡಿಎಫ್‌ನಿಂದ ಇಳಿದ ಹಾಗಿರೋ ನಮ್ಮ ಹಾಲುಗಳನ್ನು ನೆನೆದು ಸ್ವಲ್ಪ ನಾಚಿಕೆಯಾಯ್ತು.

ಹೊಗಳಿಕೆ ಇಲ್ಲಿಗೆ ನಿಲ್ಲಿಸ್ತೀನಿ. ಯಾಕಂದ್ರೆ ಈ ಮನೆಯ ಅತಿ ಜಾಣ ಭಾಗ ನನಗೆ ಸಿಕ್ಕಿದ್ದು ಉತ್ತರದ ಗೋಡೆಯ ಒಳಗೆ. ಅಲ್ಲೊಂದು ಉದ್ದನೆಯ ಕಾರಿಡಾರ್ ಇದೆ, ಕೆಲಸದವರು ಓಡಾಡೋಕೆ. ಚಳಿಗಾಳಿ ಹೊಡೆಯೋದು ಉತ್ತರದಿಂದ. ಕುಟುಂಬದ ಕೋಣೆಗಳಿಗೆ ಅದು ತಾಗದ ಹಾಗೆ ಮಧ್ಯದಲ್ಲಿ ಈ ಕಾರಿಡಾರ್. ಜೊತೆಗೆ ಕೆಲಸದವರು ಯಾರ ಕಣ್ಣಿಗೂ ಬೀಳದೆ ಮನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬಹುದು. ಒಂದು ಗೋಡೆ, ಎರಡು ಕೆಲಸ. ಎಂಜಿನಿಯರ್ ಆಗಿ ನೋಡಿದರೆ ಇದರಲ್ಲಿ ಒಂದು ಸಾಲೂ ತಿದ್ದೋಕಾಗಲ್ಲ. ಆದರೆ ಲೆಕ್ಕ ಹಾಕಿ: ಬಿಸಿಲು ಯಾರಿಗೆ, ಗಾಳಿ ಯಾರಿಗೆ? ಇದನ್ನು ಬರೀ ಶಾಖ ಉಳಿಸುವ ಉಪಾಯ ಅಂತ ಹೊಗಳೋದು ಅರ್ಧ ವಿಮರ್ಶೆ.

ಜಾನ್ ಗ್ಲೆಸ್ನರ್ ದುಡ್ಡು ಮಾಡಿದ್ದು ಕಟಾವು ಯಂತ್ರಗಳಿಂದ. ಮನೆ ಕೆಲಸ ಶುರುವಾದ ವರ್ಷವೇ, 1886ರ ಮೇ ತಿಂಗಳಲ್ಲಿ, ಇದೇ ಊರಿನಲ್ಲಿ, ಮೆಕಾರ್ಮಿಕ್ ಅವರ ಕಟಾವು ಯಂತ್ರದ ಕಾರ್ಖಾನೆ ಮುಂದೆ ಕಾರ್ಮಿಕರ ಮೇಲೆ ಗುಂಡು ಹಾರಿತ್ತು. ಮರುದಿನ ಹೇಮಾರ್ಕೆಟ್ ಬಾಂಬು. ಆ ಕಂಪನಿಯೂ ಗ್ಲೆಸ್ನರ್ ಕಂಪನಿಯೂ 1902ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅಂತ ಒಂದಾದವು. ನಕ್ಷೆ ಅದಕ್ಕೂ ಮೊದಲೇ ಆಗಿತ್ತು, ಹಾಗಾಗಿ ಹೆದರಿ ಕೋಟೆ ಕಟ್ಟಿದರು ಅನ್ನೋದು ತಪ್ಪಾಗುತ್ತೆ. ಆದ್ರೆ ಆ ವರ್ಷದ ಶಿಕಾಗೋದಲ್ಲಿ ಇಂಥ ಗೋಡೆಯ ಹಿಂದೆ ಮಲಗೋದು ಹಿತವಾಗೇ ಇದ್ದಿರಬೇಕು. ಅದರೊಳಗೆ ಅಂಟಿಸಿದ ಕಾಗದ ಮೋರಿಸ್‌ದು. ಮೋರಿಸ್ ಆ ಹೊತ್ತಿಗೆ ಲಂಡನ್ನಿನ ಬೀದಿಗಳಲ್ಲಿ ಸಮಾಜವಾದದ ಭಾಷಣ ಮಾಡ್ತಿದ್ದ.

ಈಗ ನಮ್ಮೂರಿನ ಕಲ್ಲುಮನೆ. ಅದಕ್ಕೆ ದೊಡ್ಡಮನೆ ಅಂತಿದ್ರು. ಸೈಜುಗಲ್ಲಿನ ಗೋಡೆ, ತೇಗದ ಕಂಬ, ನಡುವೆ ತೊಟ್ಟಿ. ನಮ್ಮವ್ವ ಅಲ್ಲಿ ಹನ್ನೊಂದು ವರ್ಷ ರಾಗಿ ಹಸನು ಮಾಡಿದಳು, ಪಾತ್ರೆ ತೊಳೆದಳು. ತೊಟ್ಟಿಯ ಕಂಬಗಳನ್ನು ಹತ್ತಿರದಿಂದ ನೋಡಿದ್ದು ಯಾರದೋ ಮದುವೆಯಲ್ಲಿ ಒಂದು ಸಲ ಮಾತ್ರ. ಹಿತ್ತಲ ಬಾಗಿಲು ಎಷ್ಟು ಗಿಡ್ಡ ಅಂದ್ರೆ ತಲೆ ಮೇಲೆ ಕುಕ್ಕೆ ಇಟ್ಟುಕೊಂಡು ಒಳಗೆ ಹೋಗೋಕಾಗ್ತಿರಲಿಲ್ಲ. ಇಳಿಸಿ, ಬಾಗಿ, ಒಳಗೆ ಎಳೆದುಕೊಳ್ಳಬೇಕು. ಆ ಮನೆ ಚೆನ್ನಾಗಿದೆ ಅಂತ ಪೇಪರಿನಲ್ಲಿ ಫೋಟೋ ಬಂದಾಗ ನನಗೆ ಖುಷಿಯೂ ಆಯ್ತು, ಹೊಟ್ಟೆಯೂ ಉರೀತು. ಗ್ಲೆಸ್ನರ್ ಮನೆಯಲ್ಲೂ ಅದೇ ಆಯ್ತು ನೋಡಿ.

ಒಂದು ಮಾತು ಮಾತ್ರ ರಿಚರ್ಡ್ಸನ್ ಪರವಾಗಿ ಹೇಳಲೇಬೇಕು. ಉತ್ತರದ ರಸ್ತೆಗೆ ತೆರೆದುಕೊಳ್ಳೋ ಕೆಲಸದವರ ಬಾಗಿಲಿಗೆ ಆತ ಅಗಲವಾದ ಕಲ್ಲಿನ ಕಮಾನು ಕೊಟ್ಟಿದ್ದಾನೆ. ಇಡೀ ಮನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ.

ರಾತ್ರಿ ಅವ್ವನಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಲೈಬ್ರರಿ, ಊಟದ ಕೋಣೆ ಎಲ್ಲ ಬೆರಳಲ್ಲಿ ತಳ್ಳಿ ಮುಂದೆ ಹೋದಳಂತೆ. ಕಮಾನಿನ ಫೋಟೋ ಬಂದಾಗ ಫೋನ್ ಮಾಡಿದಳು.

"ಇದೇನ್ಲಾ, ಮುಂಬಾಗ್ಲಾ?"

"ಇಲ್ಲವ್ವ. ಕೆಲ್ಸದೋರ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ಕುಕ್ಕೆ ಇಳಿಸ್ದೇನೇ ಹೋಗ್ಬೋದು ಬಿಡು."